ಪಿಎಚ್‌ಡಿ ಮಾಡುವವರೇ, "3 ದಿನದಲ್ಲಿ ಪಬ್ಲಿಶ್" ಅನ್ನುವ ಓಪನ್ ಆಕ್ಸೆಸ್ ಜರ್ನಲ್‌ಗೆ ಲೇಖನ ಕೊಡಬೇಡಿ

"ಓಪನ್ ಆಕ್ಸೆಸ್, ಪೀರ್ ರಿವ್ಯೂ, ಡಿಒಐ ಸಮೇತ, 3 ದಿನದಲ್ಲಿ ಪಬ್ಲಿಶ್" ಅಂತ ವಾಟ್ಸಾಪ್ ಗುಂಪುಗಳಲ್ಲಿ ಮೆಸೇಜ್ ಬರುತ್ತಲ್ವಾ, ದಾವಣಗೆರೆಯ ನಮ್ಮ ಗುಂಪಿನಲ್ಲೂ ಬಂದಿತ್ತು. ಓಪನ್ ಆಕ್ಸೆಸ್ ಅಂದರೆ ಯಾರು ಬೇಕಾದರೂ ಪುಕ್ಕಟೆ ಓದಬಹುದಾದದ್ದು, ಪೀರ್ ರಿವ್ಯೂ ಅಂದರೆ ಪ್ರಕಟಿಸುವ ಮೊದಲು ಅದೇ ವಿಷಯದ ತಜ್ಞರು ಪರಿಶೀಲಿಸುವುದು, ಡಿಒಐ ಅಂದರೆ ಲೇಖನಕ್ಕೆ ಕೊಡುವ ಕಾಯಂ ಆನ್‌ಲೈನ್ ಗುರುತಿನ ನಂಬರ್. ದಯವಿಟ್ಟು ಆ ಮೆಸೇಜ್ ನಂಬಬೇಡಿ. ದುಡ್ಡೂ ಹೋಗುತ್ತೆ, ಲೇಖನವೂ ಹೋಗುತ್ತೆ. ನನಗೆ ಎರಡೂ ಹೋಗಿವೆ.

ಜಗಳೂರು ಕಡೆಯ ಮೆಕ್ಕೆಜೋಳಕ್ಕೆ ಫಾಲ್ ಸೈನಿಕ ಹುಳು (ಫಾಲ್ ಆರ್ಮಿವರ್ಮ್) ಬಿದ್ದು ರೈತರಿಗೆ ಆದ ನಷ್ಟದ ಬಗ್ಗೆ ನಾನು ಬರೆದಿದ್ದೆ. 2018ರಲ್ಲಿ ಈ ಹುಳು ದೇಶದಲ್ಲೇ ಮೊದಲು ಕಂಡಿದ್ದು ನಮ್ಮ ರಾಜ್ಯದಲ್ಲಿ. ಚಂದಾ ಕಟ್ಟದೆ ಯಾರು ಬೇಕಾದರೂ ಓದಲಿ, ರೈತ ಸಂಪರ್ಕ ಕೇಂದ್ರದವರಿಗೂ ಸಿಗಲಿ ಅಂತ ಆಸೆ ಇತ್ತು. ಒಳ್ಳೆಯ ಓಪನ್ ಆಕ್ಸೆಸ್ ಜರ್ನಲ್‌ಗಳೂ ಎಷ್ಟೋ ಸಲ ಲೇಖಕರಿಂದಲೇ ಶುಲ್ಕ ತಗೊಳ್ಳುತ್ತವೆ, ಹಾಗಾಗಿ ಆ ಮೆಸೇಜ್‌ನ ಜರ್ನಲ್‌ನವರು 4,500 ರೂಪಾಯಿ ಕೇಳಿದಾಗ ಕಟ್ಟಿದೆ.

ರಾತ್ರಿ ಕಳಿಸಿದರೆ ಬೆಳಗ್ಗೆಗೇ ಅಕ್ಸೆಪ್ಟೆನ್ಸ್ ಲೆಟರ್! ರಿವ್ಯೂ ಕಾಮೆಂಟ್ ಎಲ್ಲಿ ಸರ್ ಅಂತ ಕೇಳಿದೆ. "ಮೇಡಂ, ನಿಮ್ಮ ಪೇಪರ್ ತುಂಬಾ ಚೆನ್ನಾಗಿದೆ, ಕಾಮೆಂಟ್ ಏನೂ ಇಲ್ಲ" ಅಂದರು.

ಆಮೇಲೆ ನಮ್ಮ ಗೈಡ್ ಎಲ್ಲರೆದುರೇ ಆ ಡಿಒಐ ಹಾಕಿ ನೋಡಿದರು. ಅಂಥ ನಂಬರೇ ಇಲ್ಲ ಅಂತ ಬಂತು. ಮತ್ತೆ ಹಾಕಿದರು. ಮತ್ತೆ ಅದೇ. ಜೂನಿಯರ್‌ಗಳು ಪಕ್ಕದಲ್ಲೇ ನಿಂತಿದ್ದರು, ನನಗೆ ತಲೆ ಎತ್ತಲು ಆಗಲಿಲ್ಲ. ಆ ಜರ್ನಲ್‌ನ ಐಎಸ್‌ಎಸ್‌ಎನ್ ಮಾತ್ರ ನಿಜವಾದದ್ದು, ಆದರೆ ಅದು ಬರೀ ಜರ್ನಲ್‌ನ ಗುರುತಿನ ಸಂಖ್ಯೆ, ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. "ಯುಜಿಸಿ ಅಪ್ರೂವ್ಡ್" ಅಂತ ಬೇರೆ ಹಾಕಿಕೊಂಡಿದ್ದಾರೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ತಾನು ಒಪ್ಪಿದ ಜರ್ನಲ್‌ಗಳ ಕೇರ್ ಪಟ್ಟಿಯನ್ನೇ 2025ರ ಫೆಬ್ರವರಿಯಲ್ಲಿ ನಿಲ್ಲಿಸಿದೆ, ಇವರಿಗೆ ಅಪ್ರೂವ್ ಮಾಡಿದ್ದು ಯಾರು?

ಲೇಖನ ತೆಗೆದುಬಿಡಿ ಅಂತ ಬರೆದೆ. ಬಂದ ಉತ್ತರ ನೋಡಿ: "ವಿತ್‌ಡ್ರಾ ಮಾಡಲು 6,000 ಆಗುತ್ತೆ ಮೇಡಂ." ಹಾಕಲು 4,500, ತೆಗೆಯಲು 6,000! ಯಾಕೆ ಅಂದರೆ "ನಮ್ಮ ಪಾಲಿಸಿ ಮೇಡಂ". ಡಿಒಐ ಸುಳ್ಳಲ್ವಾ ಅಂದರೆ "ಸರ್ವರ್ ಅಪ್‌ಡೇಟ್ ಆಗ್ತಿದೆ ಮೇಡಂ". ಆಮೇಲೆ ನನ್ನ ನಂಬರನ್ನೇ ಬ್ಲಾಕ್ ಮಾಡಿದರು. ಲೇಖನ ಅಲ್ಲಿ ಇರುವ ತನಕ ಬೇರೆ ಜರ್ನಲ್‌ನವರು ಮುಟ್ಟುವುದಿಲ್ಲ, ಈಗಾಗಲೇ ಪ್ರಕಟವಾಗಿದೆ ಅಂತಾರೆ. ಹೊಲ ಹೊಲ ಸುತ್ತಿ, ರೈತರ ಮನೆ ಜಗಲಿಯಲ್ಲಿ ಕೂತು ಕೇಳಿ ಬರೆದದ್ದು ಇವರ ಕೈಯಲ್ಲಿ ಒತ್ತೆ ಬಿದ್ದಿದೆ.

ಕಳಿಸುವ ಮೊದಲು ಡಿಒಎಜೆಯಲ್ಲಿ, ಅಂದರೆ ಪರಿಶೀಲಿಸಿ ಸೇರಿಸಿದ ಓಪನ್ ಆಕ್ಸೆಸ್ ಜರ್ನಲ್‌ಗಳ ಆನ್‌ಲೈನ್ ಪಟ್ಟಿಯಲ್ಲಿ, ಜರ್ನಲ್ ಹೆಸರು ಹುಡುಕಿ. ಅಲ್ಲಿರುವ ಅರ್ಧಕ್ಕಿಂತ ಜಾಸ್ತಿ ಜರ್ನಲ್‌ಗಳು ಲೇಖಕರಿಂದ ದುಡ್ಡೇ ಕೇಳುವುದಿಲ್ಲ. ಅವರ ಹಳೆಯ ಲೇಖನಗಳ ಡಿಒಐ ತೆರೆದುಕೊಳ್ಳುತ್ತಾ ನೋಡಿ. ಪಿಎಚ್‌ಡಿಗೆ ಲೇಖನ ಕಡ್ಡಾಯ ಅನ್ನುವುದನ್ನು ಯುಜಿಸಿ 2022ರ ನಿಯಮದಲ್ಲೇ ಕೈಬಿಟ್ಟಿದೆ, ನಿಮ್ಮ ವಿವಿ ಏನು ಹೇಳುತ್ತೆ ಕೇಳಿಕೊಳ್ಳಿ, ಸುಮ್ನೆ ಗಾಬರಿಯಲ್ಲಿ ಇಂಥವರ ಕೈಗೆ ಸಿಗಬೇಡಿ. ದುಡ್ಡು ಈಗಾಗಲೇ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ, ನಾನೂ ಕೊಟ್ಟಿದ್ದೇನೆ. ಆ 6,000 ಮಾತ್ರ ನಾನು ಕಟ್ಟುವುದಿಲ್ಲ.