ಕಣ್ಣು ಮುಚ್ಚದ ಫೋಟೋ ಬೇಕಾದರೆ ಗಾಂಧಿ ಚೌಕದ ಹತ್ತಿರ ಒಂದು ಹಳೇ ಸ್ಟುಡಿಯೋ ಇದೆ

ಬ್ಯಾಂಕಿನ ಕೆಲಸಕ್ಕೆ ಅವ್ವನ ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕಾಗಿತ್ತು. ಇಷ್ಟಕ್ಕೆ ವಿಜಯಪುರದಲ್ಲಿ ಎರಡು ಸ್ಟುಡಿಯೋ ಹತ್ತಿ ಇಳಿದೆವು.

ಮೊದಲನೆಯದರ ಹೆಸರು ಬರೆಯುವುದಿಲ್ಲ. ಎಸಿ ಇದೆ, ಗಾಜಿನ ಬಾಗಿಲಿದೆ, ಮೊಬೈಲ್ ಒತ್ತುತ್ತಾ ಕುಳಿತ ಒಬ್ಬ ಹುಡುಗ ಇದ್ದಾನೆ. ಅವ್ವನನ್ನು ಸ್ಟೂಲ್ ಮೇಲೆ ಕೂರಿಸಿದ. ಅವಳು ಆ ಕಡೆ ಈ ಕಡೆ ನೋಡುತ್ತಿದ್ದಳು. "ಅಜ್ಜಿ, ಇಲ್ಲಿ ನೋಡ್ರಿ" ಅಂದ, ಅಂದ ಕೂಡಲೇ ಬಟನ್ ಒತ್ತಿದ. ಕಣ್ಣು ಮುಚ್ಚಿತ್ತು. ಮತ್ತೆ "ಇಲ್ಲಿ ನೋಡ್ರಿ", ಮತ್ತೆ ಮುಚ್ಚಿತ್ತು. ನಾಲ್ಕನೆಯದರಲ್ಲಿ ಅರ್ಧ ತೆರೆದಿತ್ತು, ನಿದ್ದೆಗುಳಿಗೆ ತಗೊಂಡು ಈಗಷ್ಟೇ ಎದ್ದವರ ಹಾಗೆ.

"ಅಜ್ಜಿ ಸುಮ್ ಸುಮ್ನ ಕಣ್ಣ ಮುಚ್ಚತಾರ್ರಿ" ಅಂತ ನನಗೆ ದೂರು ಹೇಳಿದ.

ಅವ್ವನಿಗೆ ಸಿಟ್ಟು ಬಂತು. "ನಾ ಎಲ್ಲಿ ಮುಚ್ಚೀನೋ ತಮ್ಮಾ? ಕಣ್ಣ ತಗದ ಕುಂತೀನಲ್ಲ!"

ಅರ್ಧ ತೆರೆದದ್ದನ್ನೇ ಪ್ರಿಂಟ್ ಹಾಕಿ ನೂರು ರೂಪಾಯಿ ತಗೊಂಡ. ಬ್ಯಾಂಕಿನವರು ವಾಪಸ್ ಕೊಟ್ಟರು.

ನಾನು ನರ್ಸಿಂಗ್ ಮಕ್ಕಳಿಗೆ ಫಿಸಿಯಾಲಜಿ ಹೇಳಿಕೊಡುವವಳು. ದಾರಿಯುದ್ದಕ್ಕೂ ಇದೇ ತಲೆಯಲ್ಲಿ ಕೊರೆಯುತ್ತಿತ್ತು. ಮನುಷ್ಯ ನಿಮಿಷಕ್ಕೆ ಸುಮಾರು 15ರಿಂದ 20 ಸಲ ರೆಪ್ಪೆ ಬಡಿಯುತ್ತಾನೆ. ಒಂದು ಬಡಿತಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಹತ್ತನೇ ನಾಲ್ಕು ಭಾಗ. ಲೆಕ್ಕ ಹಾಕಿದರೆ ಹತ್ತು ಫೋಟೋಗೆ ಹೆಚ್ಚೆಂದರೆ ಒಂದೋ ಎರಡೋ ಕೆಡಬೇಕು. ನಾಲ್ಕಕ್ಕೆ ನಾಲ್ಕೂ ಯಾಕೆ ಕೆಟ್ಟವು?

ಉತ್ತರ ಸಿಕ್ಕಿದ್ದು ಎರಡನೇ ಸ್ಟುಡಿಯೋದಲ್ಲಿ. ಗಾಂಧಿ ಚೌಕದ ಹತ್ತಿರದ ಓಣಿಯಲ್ಲಿ, ಮಹಡಿ ಮೇಲೆ. ಬೋರ್ಡಿನ ಅಕ್ಷರ ಬಿಸಿಲಿಗೆ ಮಾಸಿ 'ಸ್ಟುಡಿಯೋ' ಅನ್ನುವುದಷ್ಟೇ ಉಳಿದಿದೆ. ಒಳಗೆ ಗೋಳಗುಮ್ಮಟ ಬರೆದ ಹಳೇ ಪರದೆ, ಒಂದು ಕಾಲು ಗಿಡ್ಡಾದ ಸ್ಟೂಲ್. ಕ್ಯಾಮೆರಾ ಹಿಡಿಯುವವರು ಅರವತ್ತು ದಾಟಿದ ಕಾಕಾ.

ಅವರು ಏನು ಮಾಡಿದರು ನೋಡಿ. "ಯವ್ವಾ, ಆ ಗ್ವಾಡಿ ಮ್ಯಾಲಿನ ಮೊಳಿ ನೋಡ್ರಿ" ಅಂದರು. ಅವ್ವ ನೋಡಿದಳು. "ಈಗ ನನ್ನ ಕಡೆ." ಅವ್ವ ತಿರುಗಿದಳು. ಕಾಕಾನ ಬೆರಳು ಬಟನ್ ಮೇಲೇ ಇತ್ತು, ಆದರೆ ಒತ್ತಲಿಲ್ಲ. ಅವ್ವನ ರೆಪ್ಪೆ ಒಮ್ಮೆ ಬಿದ್ದು ಎದ್ದಿತು. ಆಮೇಲೆ ಕ್ಲಿಕ್. ಒಂದೇ ಫೋಟೋ. ಎರಡೂ ಕಣ್ಣು ಬರೋಬ್ಬರಿ ತೆರೆದಿತ್ತು.

ಯಾಕೆ ಹೀಗೆ ಅಂತ ಕೇಳಿದೆ. "ಮಂದಿ ನೋಟ ಹೊಳ್ಳಿಸಿದ್ರ ರೆಪ್ಪಿ ಬಡೀತಾರ್ರಿ. ಬಡದ ಮ್ಯಾಲ ಒಂದ್ ಚೂರು ಟೈಮ್ ಸಿಗತೈತಿ. ಅಷ್ಟರಾಗ ನಂದು ಕೆಲಸ" ಅಂದರು.

ನಾನು ಬೋರ್ಡ್ ಮೇಲೆ ಚಿತ್ರ ಬರೆದು ಅರ್ಧ ಗಂಟೆ ಹೇಳುವುದನ್ನು ಕಾಕಾ ಮೂರು ಮಾತಲ್ಲಿ ಮುಗಿಸಿದರು. ನಮ್ಮ ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆ ಮೆಲ್ಲಗೆ ಸರಿಯುವುದಿಲ್ಲ, ಜಿಗಿಯುತ್ತದೆ. ದೊಡ್ಡ ಜಿಗಿತದ ವೇಗ ಸೆಕೆಂಡಿಗೆ 500 ಡಿಗ್ರಿಗೂ ಜಾಸ್ತಿ ಇರಬಹುದು. ಈ ಜಿಗಿತಕ್ಕೆ ಮಿದುಳಿನ ಕಾಂಡದಲ್ಲಿ ಒಂದು ಕಾವಲು ಇದೆ. ಓಮ್ನಿಪಾಸ್ ನರಕೋಶ ಅಂತ ಹೆಸರು. ಕಣ್ಣು ಒಂದು ಕಡೆ ನೆಟ್ಟಿರುವಷ್ಟು ಹೊತ್ತೂ ಇವು ಬಿಡದೆ ಮಿಡಿಯುತ್ತಾ, ಜಿಗಿಸುವ ನರಕೋಶಗಳನ್ನು ಹಿಡಿದಿಡುತ್ತವೆ. ಇವು ಸುಮ್ಮನಾದಾಗ ಕಣ್ಣು ಜಿಗಿಯುತ್ತದೆ. ವಿಶೇಷ ಏನಂದರೆ, ರೆಪ್ಪೆ ಬಡಿದಾಗಲೂ ಇದೇ ಕಾವಲುಗಾರರು ಸುಮ್ಮನಾಗುತ್ತಾರೆ. ಎರಡು ಕೆಲಸಕ್ಕೂ ಒಂದೇ ಬಾಗಿಲು ಅನ್ನಿ. ಕತ್ತು ತಿರುಗುವಷ್ಟು ದೊಡ್ಡ ನೋಟ ಇದ್ದರಂತೂ ಜೊತೆಗೆ ರೆಪ್ಪೆ ಬಡಿಯುವುದೇ ಜಾಸ್ತಿ. ಬಡಿತದ ಜೊತೆ ಬಂದ ಜಿಗಿತ ಮಾಮೂಲಿಗಿಂತ ನಿಧಾನ ಕೂಡ. ಕೆಲವು ಕಾಯಿಲೆಗಳಲ್ಲಿ ಕಣ್ಣು ಬೇಕಾದ ಕಡೆ ಜಿಗಿಯಲು ಏಳುವುದೇ ಇಲ್ಲ. ಅಂಥವರು ಮೊದಲು ರೆಪ್ಪೆ ಬಡಿದು, ಅದರ ನೆಪದಲ್ಲಿ ಕಣ್ಣು ಹೊರಳಿಸುತ್ತಾರೆ.

ಅಂದರೆ ಮೊದಲನೇ ಸ್ಟುಡಿಯೋದ ಹುಡುಗ "ಇಲ್ಲಿ ನೋಡ್ರಿ" ಅಂತ ತಾನೇ ರೆಪ್ಪೆಗೆ ಕರೆ ಕೊಟ್ಟು, ಅದು ಬಂದಾಗ ಸರಿಯಾಗಿ ಬಟನ್ ಒತ್ತುತ್ತಿದ್ದ. ಮೇಲೆ ಫ್ಲಾಷ್ ಬೇರೆ. ಬೆಳಕು ಅಳೆಯಲು ಅದು ಮೊದಲೊಮ್ಮೆ ಮಿನುಗುತ್ತದೆ, ಕೆಲವರಿಗೆ ಅಷ್ಟೇ ಸಾಕು.

ಹಾಗಾದರೆ ಅವ್ವ ಸುಳ್ಳು ಹೇಳಿದಳಾ? ಇಲ್ಲ. ಅವಳಿಗೆ ಗೊತ್ತೇ ಆಗಿಲ್ಲ. ರೆಪ್ಪೆ ಬಿದ್ದಾಗ ನೋಟದ ಚುರುಕನ್ನು ಮಿದುಳೇ ತಗ್ಗಿಸುತ್ತದೆ. 1980ರಲ್ಲಿ ಇದನ್ನು ಪರೀಕ್ಷೆ ಮಾಡಿದವರು ಬೆಳಕನ್ನು ಬಾಯಿಯ ಮೇಲ್ಭಾಗದಿಂದ, ಅಂಗುಳದ ಮೂಲಕ ಕಣ್ಣಿನ ಹಿಂಭಾಗಕ್ಕೆ ಹಾಯಿಸಿದರು. ಆ ಬೆಳಕನ್ನು ರೆಪ್ಪೆ ತಡೆಯಲು ಆಗುವುದಿಲ್ಲ, ಅಲ್ವಾ? ಆದರೂ ರೆಪ್ಪೆ ಬಡಿಯುವಾಗ ಬೆಳಕಿನ ಏರಿಳಿತ ಗುರುತಿಸುವುದು ಕಷ್ಟವಾಯಿತು. ಕಣ್ಣು ಜಿಗಿಯುವಾಗಲೂ ಇದೇ ಕಥೆ. ಕನ್ನಡಿ ಮುಂದೆ ನಿಂತು ಎಡಗಣ್ಣು, ಬಲಗಣ್ಣು ಒಂದಾದ ಮೇಲೊಂದು ನೋಡಿ. ನಿಮ್ಮ ಕಣ್ಣು ಅಲ್ಲಾಡುವುದು ನಿಮಗೆ ಕಾಣುವುದಿಲ್ಲ. ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ಕಾಣುತ್ತದೆ, ಚಿತ್ರ ಚೂರು ತಡವಾಗಿ ಬರುತ್ತದಲ್ಲ, ಅದಕ್ಕೆ. ಅವ್ವನಿಗೆ ಮಾಡಿ ತೋರಿಸಿದೆ. "ಹಂಗಾರ ಆ ಹುಡುಗಂಗ ಹೋಗಿ ಹೇಳು" ಅಂದಳು. ಹೋಗಲಿಲ್ಲ.

ಮುಂದಿನ ತಿಂಗಳು ಮನೆ ಮಂದಿಯ ಫೋಟೋಗೂ ಕಾಕಾನನ್ನೇ ಕರೆದೆವು. ಹದಿನೆಂಟು ಜನ, ಪಡಸಾಲೆ, ಟ್ಯೂಬ್‌ಲೈಟು. ಇದಕ್ಕೂ ಒಂದು ಲೆಕ್ಕ ಇದೆ, ಆಸ್ಟ್ರೇಲಿಯಾದ ಇಬ್ಬರು ಮಾಡಿದ್ದು. 2006ರಲ್ಲಿ ಅವರಿಗೆ ಇಗ್ ನೊಬೆಲ್ ಬಂತು, ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ. ಇಪ್ಪತ್ತಕ್ಕಿಂತ ಕಡಿಮೆ ಜನ ಇದ್ದರೆ, ಬೆಳಕು ಚೆನ್ನಾಗಿದ್ದಾಗ ತಲೆ ಲೆಕ್ಕವನ್ನು ಮೂರರಿಂದ ಭಾಗಿಸಿ, ಬೆಳಕು ಕಮ್ಮಿ ಇದ್ದಾಗ ಎರಡರಿಂದ. ಬಂದಷ್ಟು ಫೋಟೋ ತೆಗೆದರೆ ಒಂದರಲ್ಲಾದರೂ ಎಲ್ಲರ ಕಣ್ಣೂ ತೆರೆದಿರುತ್ತದೆ ಅಂತ ಹೆಚ್ಚುಕಡಿಮೆ ನಂಬಬಹುದು. ನಮಗೆ ಒಂಬತ್ತು ಬೇಕಿತ್ತು. ಕಾಕಾ ಎಂಟು ತೆಗೆದು ಕ್ಯಾಮೆರಾ ಚೀಲಕ್ಕೆ ಹಾಕಿದರು. ನಾನು ಬಾಯಿ ಬಿಡಲಿಲ್ಲ. ಎರಡು ಚಲೋ ಬಂದಿದ್ದವು.

ದೂರುಗಳೂ ಇವೆ. ಮುಖ ಬೆಳ್ಳಗೆ ಮಾಡುವ ಚಟ ಇವರಿಗೂ ಇದೆ. ಅವ್ವ ಸುಣ್ಣ ಬಳಿದ ಗೋಡೆ ಆಗಿದ್ದಳು, ಹೇಳಿ ತೆಗೆಸಬೇಕಾಯಿತು. ಪ್ರಿಂಟ್ ಅರ್ಧ ಗಂಟೆ ಅಂದರೆ ಒಂದೂವರೆ ಗಂಟೆ. ಮೆಟ್ಟಿಲು ಕಡಿದಾಗಿದೆ, ಮೊಣಕಾಲು ನೋವಿರುವವರನ್ನು ಕರೆದುಕೊಂಡು ಹೋಗುವ ಮೊದಲು ಯೋಚಿಸಿ. ಎಂಟು ಕಾಪಿಗೆ ಎಂಬತ್ತು ರೂಪಾಯಿ. ಫೋನ್‌ಪೇ ಇಲ್ಲ, ಚಿಲ್ಲರೆ ಒಯ್ಯಿರಿ. ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ಬಾಗಿಲು ಹಾಕಿರುತ್ತಾರೆ. ಕಾಕಾ ಊಟ ಮಾಡಿ ಅಲ್ಲೇ ಪರದೆ ಹಿಂದೆ ಮಲಗಿರುತ್ತಾರೆ, ಬಾಗಿಲು ಬಡಿದರೂ ಏಳುವುದಿಲ್ಲ.