ಮನೇಲಿ ಬರ್ನ್ ಮಾಡಿದ ಡಿವಿಡಿ ಓದದ ಯುಎಸ್‌ಬಿ ಡ್ರೈವ್: ಮೂರು ವರ್ಷ ಬಳಸಿದ ಮೇಲೆ

ಲ್ಯಾಪ್‌ಟಾಪಿಗೆ ಚುಚ್ಚೋ ಈ ಯುಎಸ್‌ಬಿ ಡಿವಿಡಿ ಡ್ರೈವಿಗೆ ಅಂಗಡೀಲಿ ತಗೊಂಡ ಸಿನಿಮಾ ಡಿವಿಡಿ ಹಾಕಿದ್ರೆ ಹತ್ತು ಸೆಕೆಂಡಲ್ಲಿ ಓಪನ್ ಆಗುತ್ತೆ, ನಾವೇ ಮನೇಲಿ ಬರ್ನ್ ಮಾಡಿದ ಡಿವಿಡಿ ಹಾಕಿದ್ರೆ ಟಕ್ ಟಕ್ ಟಕ್ ಅಂತ ಮೂರು ಸಲ ಸದ್ದು ಮಾಡಿ, ಲೈಟ್ ಆರಿ, ಸುಮ್ಮನಾಗಿಬಿಡುತ್ತೆ. ಆಮೇಲೆ ವಿಂಡೋಸ್ ಡಿಸ್ಕ್ ಹಾಕಿ ಅಂತ ಕೇಳುತ್ತೆ. ಡಿಸ್ಕ್ ಒಳಗೇ ಇದೆ ಕಣ್ರೀ! ಮೊದಲನೇ ತಿಂಗಳು ಪೂರ್ತಿ ಇದೇ ಪಾಡು. ಆಗಲೇ ವಿಮರ್ಶೆ ಬರೆದಿದ್ರೆ ಒಂದೇ ಸ್ಟಾರ್ ಕೊಡ್ತಿದ್ದೆ.

ತಗೊಂಡಿದ್ದು 2021ರ ದಸರಾ ಟೈಮಲ್ಲಿ, 1,500 ರೂಪಾಯಿ ಒಳಗೆ. ಸ್ಪೀಡು, ತೂಕ, ಬಣ್ಣದ ಮಾತು ಬಿಡ್ತೀನಿ. ಹೊಸ ಲ್ಯಾಪ್‌ಟಾಪಲ್ಲಿ ಡ್ರೈವೇ ಇಲ್ಲ, ಮನೇಲಿ ನೋಡಿದ್ರೆ ಒಂದು ಬಿಸ್ಕತ್ ಡಬ್ಬದ ತುಂಬಾ 34 ಡಿವಿಡಿ. 2006ರಿಂದ 2011ರವರೆಗಿನದ್ದು: ಅಕ್ಕನ ಮದುವೆ, ನನ್ನ ಮಗನ ನಾಮಕರಣ, ಶ್ರೀರಂಗಪಟ್ಟಣದ ಸಂಗಮಕ್ಕೆ ಹೋಗಿದ್ದು, ಸರಸ್ವತಿಪುರಂ ಮನೇಲಿ ಅಜ್ಜಿ ಕೂರಿಸ್ತಿದ್ದ ಗೊಂಬೆ. ಅಜ್ಜಿ ಹೋಗಿ ಆಗಲೇ ಹತ್ತು ವರ್ಷ ಆಗಿತ್ತು, ಅವರ ದನಿ ಇರೋದು ಆ ಡಬ್ಬದಲ್ಲಿ ಮಾತ್ರ. ಎಲ್ಲಾನೂ ಹಾರ್ಡ್ ಡಿಸ್ಕಿಗೆ ಹಾಕ್ಕೊಳೋಣ ಅಂತಾನೇ ಈ ಡ್ರೈವ್ ತಗೊಂಡಿದ್ದು. 34ರಲ್ಲಿ ಓದಿದ್ದು ನಾಲ್ಕು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ "ಮನೇಲಿ ರೈಟ್ ಮಾಡಿದ್ದಕ್ಕೆ ಗ್ಯಾರಂಟಿ ಇಲ್ಲ ಮೇಡಂ, ನಿಮ್ಮ ಡಿಸ್ಕೇ ಹಾಳಾಗಿರುತ್ತೆ" ಅಂತ ಇಟ್ಟುಬಿಟ್ರು. ಮಗ ಇಂಟರ್ನೆಟ್ಟಲ್ಲಿ ನೋಡಿ ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡೋ ರಿಜಿಸ್ಟ್ರೀಲಿ ಅಪ್ಪರ್ ಫಿಲ್ಟರ್ಸ್, ಲೋಯರ್ ಫಿಲ್ಟರ್ಸ್ ಅನ್ನೋ ಎರಡು ನಮೂದು ಡಿಲೀಟ್ ಮಾಡಿದ್ರೆ ಸರಿಹೋಗುತ್ತಂತೆ ಅಂದ, ಅದನ್ನೂ ಮಾಡಿದ್ವಿ, ಏನೂ ಆಗ್ಲಿಲ್ಲ. ಆಗೋದೂ ಇಲ್ಲ ಬಿಡಿ, ಅದು ಡ್ರೈವೇ ಕಂಪ್ಯೂಟರಲ್ಲಿ ಕಾಣದೇ ಇದ್ದಾಗ ಮಾಡೋ ಉಪಾಯ. ಒಂದು ಥರದ ಡಿಸ್ಕ್ ಓದಿ ಇನ್ನೊಂದು ಥರದ್ದು ಓದ್ತಿಲ್ಲ ಅಂದ್ರೆ ಅಲ್ಲಿ ಕೈ ಹಾಕ್ಬೇಡಿ.

ಕೊನೆಗೆ ಇಲ್ಲೇ ಮೈಸೂರಿನ ಶಿವರಾಂಪೇಟೇಲಿ ಟಿವಿ, ಡಿವಿಡಿ ಪ್ಲೇಯರ್ ರಿಪೇರಿ ಮಾಡೋ ಒಬ್ಬ ಹಿರಿಯರ ಹತ್ರ ಡ್ರೈವು ಡಬ್ಬ ಎರಡೂ ತಗೊಂಡು ಹೋದೆ. ಅವರು ಮೊದಲು ಮಾಡಿದ ಕೆಲಸ ಅಂದ್ರೆ ನಮ್ಮದೊಂದು ಡಿಸ್ಕನ್ನ ತಮ್ಮ ಹಳೇ ಕಂಪ್ಯೂಟರಿಗೆ ಹಾಕಿದ್ದು. ಓದ್ತು! ಅಲ್ಲಿಗೆ ಡಿಸ್ಕ್ ಸತ್ತಿಲ್ಲ ಅಂತ ಗೊತ್ತಾಯ್ತು, ನನಗೆ ಅರ್ಧ ಜೀವ ಬಂತು. ಆಮೇಲೆ ಸಿನಿಮಾ ಡಿವಿಡೀನೂ ನಮ್ಮದನ್ನೂ ಟ್ಯೂಬ್‌ಲೈಟಿಗೆ ಹಿಡಿದು ತೋರಿಸಿದ್ರು. ಅದು ಬೆಳ್ಳಿ ಥರ, ನಮ್ಮದು ನೇರಳೆ ಛಾಯೆ. ಫ್ಯಾಕ್ಟರೀಲಿ ಅಚ್ಚು ಹಾಕಿದ ಡಿಸ್ಕಲ್ಲಿ ನಿಜವಾಗ್ಲೂ ಸಣ್ಣ ಸಣ್ಣ ಗುಳಿ ಇರುತ್ತಂತೆ, ಮನೇಲಿ ಬರ್ನ್ ಮಾಡಿದ್ರಲ್ಲಿ ಗುಳಿ ಇಲ್ಲ, ಒಳಗೆ ಒಂದು ಬಣ್ಣದ ಪದರ ಇರುತ್ತೆ, ಡಿಸ್ಕ್ ಬರೆಯೋ ಡ್ರೈವ್ ಅದನ್ನ ಲೇಸರಲ್ಲಿ ಸುಟ್ಟು ಗುರುತು ಮಾಡಿರುತ್ತೆ ಅಷ್ಟೇ. ಬೆಳಕು ವಾಪಸ್ ಬರೋದ್ರಲ್ಲಿ ಇರೋ ವ್ಯತ್ಯಾಸ ಅಷ್ಟು ಚೊಕ್ಕವಾಗಿರಲ್ಲ. ಅದಕ್ಕೇ ಲೆನ್ಸಲ್ಲಿ ಧೂಳು ಕೂತ್ರೂ, ಲೇಸರ್ ಸ್ವಲ್ಪ ಬಳಲಿದ್ರೂ, ಕರೆಂಟ್ ಕಮ್ಮಿಯಾದ್ರೂ ಮೊದಲು ಕೈ ಕೊಡೋದು ಮನೆ ಡಿಸ್ಕೇ. ಅಳಿಸಿ ಮತ್ತೆ ಬರೆಯೋ ಆರ್‌ಡಬ್ಲ್ಯೂ ಡಿಸ್ಕ್ ಅಂತೂ ಬೆಳಕು ವಾಪಸ್ ಕೊಡೋದೇ 18ರಿಂದ 30 ಪರ್ಸೆಂಟ್, ಒಂದೇ ಪದರದ ಮಾಮೂಲಿ ಡಿಸ್ಕಲ್ಲಿ 45ಕ್ಕಿಂತ ಜಾಸ್ತಿ ಇರುತ್ತೆ.

ಅವರು ಡ್ರೈವನ್ನ ಮಗುಚಿ ತೋರಿಸಿದ್ರು. ಅಡೀಲಿ 5 ವೋಲ್ಟ್, 1.5 ಆಂಪ್ ಅಂತ ಇದೆ. ನನ್ನ ಲ್ಯಾಪ್‌ಟಾಪ್ ಎಡಗಡೆ ಇರೋದು ಯುಎಸ್‌ಬಿ 2.0 ಪೋರ್ಟು, ಲೆಕ್ಕದ ಪ್ರಕಾರ ಅದು ಕೊಡಬೇಕಾದ್ದು ಅರ್ಧ ಆಂಪ್, 3.0 ಪೋರ್ಟಾದ್ರೆ 0.9. ಮೋಟ್ರು ತಿರುಗೋಕೇ ಅಷ್ಟಕ್ಕಷ್ಟೇ, ಇನ್ನು ಓದೋಕೆ ಕಷ್ಟಪಡೋ ಡಿಸ್ಕ್ ಬಂದಾಗ ಮತ್ತೆ ಮತ್ತೆ ನಿಂತು ತಿರುಗಿ ಹುಡುಕ್ಬೇಕು, ಅಲ್ಲೇ ಉಸಿರು ನಿಲ್ಲೋದು. ಆ ಟಕ್ ಟಕ್ ಅದೇ. ಅದರ ಮೇಲೆ ನಾನು ಗೇಣುದ್ದದ ಕೇಬಲ್ ಸಾಲದು ಅಂತ ಎಕ್ಸ್‌ಟೆನ್ಶನ್ ಬೇರೆ ಹಾಕಿದ್ದೆ, ಕರೆಂಟ್ ಇನ್ನೂ ಸೊರಗಿತ್ತು. ಅವರು ಸ್ವಂತ ಅಡಾಪ್ಟರ್ ಇರೋ ಒಂದು ಯುಎಸ್‌ಬಿ ಹಬ್ಬಿಗೆ, ಅಂದ್ರೆ ಒಂದು ಪೋರ್ಟನ್ನ ಹಲವು ಮಾಡೋ ಡಬ್ಬಿಗೆ, ಚುಚ್ಚಿದ್ರು. ಜೂಂಯ್ ಅಂತ ಒಂದೇ ಸಮ ತಿರುಗಿ, ಮದುವೆ ಡಿಸ್ಕ್ ಓಪನ್ ಆಯ್ತು.

ನನ್ನ ದೊಡ್ಡ ದೂರು ಇಲ್ಲೇ ಇರೋದು. ಡ್ರೈವ್ ಬಂದ ಬಾಕ್ಸ್ ಒಳಗೆ ಒಂದು ಚೀಟಿ ಹಾಕಿ ಅಡಾಪ್ಟರ್ ಇರೋ ಹಬ್ ಬೇಕಾಗಬಹುದು ಅಂತ ಒಂದು ಸಾಲು ಬರೆದಿದ್ರೆ ಸಾಕಿತ್ತು, ಇಲ್ಲಾ ಎರಡು ಯುಎಸ್‌ಬಿ ಪಿನ್ ಇರೋ ಕೇಬಲ್ ಕೊಟ್ಟಿದ್ರೆ ಸಾಕಿತ್ತು. ಎರಡೂ ಇಲ್ಲ. ಡಿಸ್ಕ್ ಹಾಳಾಗಿದೆ ಅಂದಿದ್ದನ್ನ ನಂಬಿ ಎಷ್ಟು ಜನ ತಮ್ಮ ಮನೆ ನೆನಪನ್ನ ಕಸಕ್ಕೆ ಹಾಕಿರಬಹುದು ಅಂತ ಯೋಚನೆ ಮಾಡಿದ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಅಲ್ಲಿಂದ ಮಾತ್ರ ಡ್ರೈವ್ ಮೇಲೆ ಪ್ರೀತಿ ಶುರುವಾಯ್ತು. ಭಾನುವಾರ ಬೆಳಿಗ್ಗೆ ಕಾಫಿ ಆದ್ಮೇಲೆ ಊಟದ ಟೇಬಲ್ ಮೇಲೆ ಟವೆಲ್ ಮಡಿಸಿ ಹಾಸಿ ಅದರ ಮೇಲೆ ಡ್ರೈವ್ ಇಡ್ತೀನಿ, ಬರೀ ಟೇಬಲ್ ಮೇಲಿಟ್ರೆ ಅದುರುತ್ತೆ. ಡಬ್ಬದಿಂದ ಒಂದು ಡಿಸ್ಕ್, ಒಂದೇ. ಅಪ್ಪನ ಹಳೇ ಪಂಚೆ ತುಂಡಲ್ಲಿ ನಡುವಿಂದ ಅಂಚಿನ ಕಡೆಗೆ ನೇರವಾಗಿ ಒರೆಸೋದು, ದೋಸೆ ಹುಯ್ದ ಹಾಗೆ ಸುತ್ತ ತಿರುಗಿಸಿ ಒರೆಸ್ಬಾರ್ದು, ಸುತ್ತ ಬಿದ್ದ ಗೀರು ಲೇಸರ್ ಹೋಗೋ ದಾರೀಲೇ ಬೀಳುತ್ತೆ. ಟ್ರೇ ಎಳೆದ್ರೆ ಇದರ ಲೆನ್ಸ್ ಟ್ರೇ ಮೇಲೇ ಕಾಣುತ್ತೆ, ಹೆಸರುಕಾಳಿನಷ್ಟು, ನೀಲಿ ಹೊಳಪು. ಒಂದ್ಸಲ ನಮ್ಮ ಬೆಕ್ಕಿನ ಕೂದಲೊಂದು ಅದರ ಮೇಲೆ ಅಡ್ಡಡ್ಡ ಕೂತಿತ್ತು, ಇಯರ್‌ಬಡ್ಡಿಗೆ ಒಂದು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಮುಟ್ಟಿದ್ನೋ ಇಲ್ವೋ ಅನ್ನೋ ಹಾಗೆ ತೆಗೆದೆ, ಆವತ್ತು ಹಟ ಮಾಡ್ತಿದ್ದ ಎರಡು ಡಿಸ್ಕ್ ಓದಿದ್ವು. ಚೆನ್ನಾಗಿರೋ ಡಿಸ್ಕ್ ಕಾಲು ಗಂಟೇಲಿ ಕಾಪಿ ಆಗುತ್ತೆ, ಅಷ್ಟರಲ್ಲಿ ತಿಂಡಿ ಆಗಿರುತ್ತೆ. ಕೆಟ್ಟಿರೋದು ಮಧ್ಯಾಹ್ನದ ಸಾರು ಕುದ್ದು ಇಳಿಸಿದ್ರೂ ಓಡ್ತಾನೇ ಇರುತ್ತೆ, ಇರ್ಲಿ ಅಂತ ಬಿಡ್ತೀನಿ.

ಹೀಗೆ 27 ಆಯ್ತು. ಉಳಿದ ಏಳರಲ್ಲಿ ಮೂರು ನಿಜವಾಗ್ಲೂ ಹೋಗಿದ್ವು, ಶೋಕೇಸಲ್ಲಿ ವರ್ಷಗಟ್ಟಲೆ ಬಿಸಿಲಿಗೆ ಇಟ್ಟಿದ್ದು, ಮೇಲೆ ಗೋಂದಿನ ಪೇಪರ್ ಲೇಬಲ್ ಅಂಟಿಸಿದ್ದು. ಬಣ್ಣದ ಪದರ ಬಿಸಿಲಿಗೆ ಹಾಳಾಗುತ್ತೆ, ಲೇಬಲ್ ಒಂದು ಕಡೆ ಎದ್ರೆ ಡಿಸ್ಕ್ ವಾಲಾಡುತ್ತೆ. ಇನ್ನು ನಾಲ್ಕನ್ನ ಇಮ್ಗ್‌ಬರ್ನ್ ಅನ್ನೋ ಸಾಫ್ಟ್‌ವೇರಲ್ಲಿ ನೋಡಿದ್ರೆ ಸ್ಟೇಟಸ್ ಇನ್‌ಕಂಪ್ಲೀಟ್ ಅಂತ ಬಂತು. ಅಂದ್ರೆ ರೆಕಾರ್ಡ್ ಮಾಡಿದ್ದಾರೆ, ಬರೆದು ಮುಗೀತು ಅಂತ ಡಿಸ್ಕನ್ನ ಕೊನೇಲಿ ಮುಚ್ಚಬೇಕಲ್ಲ, ಆ ಫೈನಲೈಸ್ ಮಾಡಿಲ್ಲ. ಬರೆದ ಮಷೀನಿಗೆ ಬಿಟ್ರೆ ಬೇರೆ ಡ್ರೈವಿಗೆ ಅದು ಖಾಲಿ ಡಿಸ್ಕ್ ಥರಾನೇ ಕಾಣಬಹುದು. ಒಂದು ನಮ್ಮ ಹಳೇ ಕಂಪ್ಯೂಟರಲ್ಲಿ ಬರೆದಿದ್ದು, ಅದನ್ನ ಮಗ ಐಸೋಬಸ್ಟರ್ ಅನ್ನೋ ಸಾಫ್ಟ್‌ವೇರ್ ಹಾಕಿ ತೆಗೆದ. ಮಿಕ್ಕ ಮೂರು ಭಾವನ ಹ್ಯಾಂಡಿಕ್ಯಾಮ್ ವಿಡಿಯೋ ಕ್ಯಾಮ್ರಾದ 8 ಸೆಂಟಿಮೀಟರ್ ಪುಟಾಣಿ ಡಿಸ್ಕು, ಒಂದೊಂದ್ರಲ್ಲಿ ಅರ್ಧ ಗಂಟೆ. ಅಜ್ಜಿ ಗೊಂಬೆ ಅದರಲ್ಲೇ ಇದ್ದಿದ್ದು.

ಬರೆದ ಕ್ಯಾಮ್ರಾದಲ್ಲೇ ಫೈನಲೈಸ್ ಮಾಡೋಣ ಅಂತ ಮಂಡ್ಯಕ್ಕೆ ಫೋನ್ ಮಾಡಿದ್ರೆ ಭಾವ "ಬಾರವ್ವ, ಕ್ಯಾಮ್ರಾ ಅಟ್ಟದ್ ಮೇಲೆ ಅದೆ, ಎಲ್ಲೂ ಕೊಟ್ಟಿಲ್ಲ" ಅಂದ್ರು. ಬೆಳಗಿನ ಟ್ರೈನಿಗೆ ಹೋದೆ. ಬ್ಯಾಟರಿ ಪೂರ್ತಿ ಸತ್ತಿತ್ತು, ಪುಣ್ಯಕ್ಕೆ ಅಡಾಪ್ಟರ್ ಸಿಕ್ತು. ಫೈನಲೈಸ್ ಆಗೋವಾಗ ಮಧ್ಯದಲ್ಲಿ ಕರೆಂಟ್ ಹೋದ್ರೆ ಡಿಸ್ಕೇ ಹೋಗಬಹುದು, ಬ್ಯಾಟರಿ ಆಸರೆ ಬೇರೆ ಇಲ್ಲ. ಭಾವ ಏನೂ ಮಾತಾಡದೆ ಇನ್ವರ್ಟರ್ ಲೈನಿರೋ ಪ್ಲಗ್ಗಿಗೆ ಹಾಕಿದ್ರು, ಅಕ್ಕ ಎಲ್ಲಾ ಫ್ಯಾನೂ ಆರಿಸಿದ್ಳು, ಮೂರೂ ಜನ ಆ ಸಣ್ಣ ಸ್ಕ್ರೀನ್ ಮುಂದೆ ಕೂತ್ವಿ, ಪಟ್ಟಿ ಒಂದೊಂದೇ ಗೆರೆ ತುಂಬ್ತಿತ್ತು. ಮೂರೂ ಆಯ್ತು.

ಮೈಸೂರಿಗೆ ವಾಪಸ್ ಬಂದು ರಾತ್ರಿನೇ ಡ್ರೈವಿಗೆ ಹಾಕಿದೆ, ಟ್ರೇ ಇರೋದ್ರಿಂದ ಪುಟಾಣಿ ಡಿಸ್ಕೂ ಕೂರುತ್ತೆ, ಬಾಯೊಳಗೆ ತೂರಿಸೋ ಥರದ ಡ್ರೈವ್ ಆಗಿದ್ರೆ ಹಾಕಲೇಬಾರ್ದು. ಅಮ್ಮನ್ನ ಕರೆದು ಪಕ್ಕದಲ್ಲಿ ಕೂರಿಸ್ಕೊಂಡೆ. 2008ರ ದಸರಾ, ಐದು ಮೆಟ್ಟಿಲು, ಮೇಲೆ ಪಟ್ಟದ ಗೊಂಬೆ. ಹೊರಗಿಂದ ಮಕ್ಕಳು "ರೀ, ಗೊಂಬೆ ಕೂರ್ಸಿದೀರಾ" ಅಂತ ಕೂಗಿದ್ದು ಕೇಳುತ್ತೆ, ಅಜ್ಜಿ ಸೆರಗಲ್ಲಿ ಕೈ ಒರೆಸ್ಕೊಳ್ತಾ ಒಳಗಿಂದ ಬಂದು "ಬನ್ರೋ, ಚಪ್ಪಲಿ ಅಲ್ಲೇ ಬಿಡಿ, ಚರ್ಪು ಎಲ್ಲಾರ್ಗೂ ಇದೆ, ನೂಕಾಡ್ಬೇಡಿ" ಅಂತಾರೆ. ಅಮ್ಮ ಲ್ಯಾಪ್‌ಟಾಪ್ ಸ್ಕ್ರೀನ್ ಮುಟ್ಟಿದ್ರು. ಇನ್ನೊಂದ್ಸಲ ಹಾಕು ಅಂದ್ರು.

ನನ್ನ ಬಜೆಟ್ಟಿಗೆ ಈ ಡ್ರೈವಿಗೆ ಐದಕ್ಕೆ ಮೂರೂವರೆ. ಆ ಒಂದೂವರೆ ಕಟ್ ಆಗಿದ್ದು ಕೇಬಲ್ಲಿಗೆ, ಕಸ್ಟಮರ್ ಕೇರ್ ಕೊಟ್ಟ ಉತ್ತರಕ್ಕೆ. ತಗೊಳೋರು ಅಡಾಪ್ಟರ್ ಇರೋ ಹಬ್ಬನ್ನೂ ಜೊತೇಲೇ ತಗೊಳ್ಳಿ, ಯಾರಾದ್ರೂ ಡಿಸ್ಕ್ ಹಾಳಾಗಿದೆ ಅಂದ್ರೆ ಇನ್ನೆರಡು ಬೇರೆ ಡ್ರೈವಲ್ಲಿ ಹಾಕಿ ನೋಡೋ ತನಕ ನಂಬ್ಬೇಡಿ. ನಾನು ಆ ಬಿಸಿಲಿಗೆ ಬಿದ್ದ ಮೂರನ್ನೂ ಇನ್ನೂ ಬಿಸಾಕಿಲ್ಲ, ಶಿವರಾಂಪೇಟೆ ಅಂಗಡಿಯವರು ಒಂದು ಹಳೇ ಡೆಸ್ಕ್‌ಟಾಪ್ ಡ್ರೈವ್ ಎತ್ತಿಟ್ಟಿದೀನಿ ಬನ್ನಿ ಅಂದಿದ್ದಾರೆ, ಶನಿವಾರ ಹೋಗ್ತಿದೀನಿ.