ಹೆಸರು ಬದಲಿಸಿದ ಆಫೀಸ್ ತಂತ್ರಾಂಶ: ಹಣ ಒಬ್ಬರಿಗೆ, ದೂರು ಇನ್ನೊಬ್ಬರಿಗೆ

ಗಂಗಾವತಿಯ ಗಂಜ್ ಸುತ್ತಮುತ್ತಲಿನ ಅಡತ್ ಅಂಗಡಿಗಳಿಗೂ ಅಕ್ಕಿ ಗಿರಣಿಗಳ ಕಚೇರಿಗಳಿಗೂ ಕಂಪ್ಯೂಟರ್ ಮಾರುವ ವ್ಯಾಪಾರಿಯೊಬ್ಬರು, ಯಂತ್ರದ ಜೊತೆಗೆ ‘ನಮ್ಮದೇ ಆಫೀಸ್ ಸಾಫ್ಟ್‌ವೇರ್’ ಎಂದು ಒಂದು ತಂತ್ರಾಂಶವನ್ನೂ ಹಾಕಿಕೊಡುತ್ತಾರೆ. ಅದಕ್ಕೆ ವರ್ಷಕ್ಕೆ 1,800 ರೂಪಾಯಿ ಶುಲ್ಕ. ನಮ್ಮ ಕಚೇರಿಯಲ್ಲೂ ಅದೇ ಇದೆ. ಭತ್ತದ ತೂಕದ ಚೀಟಿ, ಲಾರಿ ಬಾಡಿಗೆ, ಹಮಾಲಿ ಲೆಕ್ಕ, ರೈತರಿಗೆ ಬರೆಯುವ ಕನ್ನಡ ಪತ್ರ ಎಲ್ಲವೂ ಅದರಲ್ಲೇ ನಡೆಯುತ್ತಿರುವುದರಿಂದ, ಕೊಳ್ಳಬೇಕೆಂದಿರುವ ಇತರರಿಗೆ ಅನುಕೂಲವಾಗಲೆಂದು ಈ ವಿಮರ್ಶೆ. ವ್ಯಾಪಾರಿಯ ಹೆಸರು ಇಲ್ಲಿ ಅಗತ್ಯವಿಲ್ಲ. ಇಂತಹ ವ್ಯಾಪಾರ ಅವರೊಬ್ಬರದೇ ಅಲ್ಲ.

ಮೊದಲು ಒಳ್ಳೆಯ ಮಾತು. ಯಂತ್ರಕ್ಕೆ ಸಂಬಂಧಿಸಿದ ಸೇವೆಯಲ್ಲಿ ಕೊರತೆಯಿಲ್ಲ. ಪ್ರಿಂಟರ್ ಕೆಟ್ಟರೆ ಹುಡುಗನೊಬ್ಬ ಅದೇ ದಿನ ಬರುತ್ತಾನೆ. ತಂತ್ರಾಂಶದಲ್ಲಿಯೂ ದಿನನಿತ್ಯದ ಕೆಲಸ ಸುಗಮವಾಗಿಯೇ ಸಾಗುತ್ತದೆ. ನುಡಿ ಅಕ್ಷರಗಳಲ್ಲಿ ಟೈಪಿಸಿದ ಹಳೆಯ ಪತ್ರಗಳು, ಆ ಫಾಂಟ್ ಯಂತ್ರದಲ್ಲಿದ್ದರೆ, ಹಾಗೆಯೇ ತೆರೆದುಕೊಳ್ಳುತ್ತವೆ. ಯೂನಿಕೋಡ್ ಕನ್ನಡವೂ ಸರಿಯಾಗಿ ಮೂಡುತ್ತದೆ.

ಆದರೆ ಇದು ಆ ವ್ಯಾಪಾರಿ ಬರೆಸಿದ ತಂತ್ರಾಂಶವಲ್ಲ. ಲಿಬ್ರೆಆಫೀಸ್‌ಗೆ ಬೇರೆ ಚಿಹ್ನೆ, ಬೇರೆ ಬಣ್ಣ, ಬೇರೆ ಹೆಸರು ಹಚ್ಚಿದ ಪ್ರತಿ. ಲಿಬ್ರೆಆಫೀಸ್ ಎಂಬುದು ಓಪನ್‌ಆಫೀಸ್‌ನಿಂದ 2010ರಲ್ಲಿ ಕವಲೊಡೆದು, ದಿ ಡಾಕ್ಯುಮೆಂಟ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆಯ ಆಶ್ರಯದಲ್ಲಿ ಬೆಳೆದ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಹಾಗೆಂದು ಅದನ್ನು ಮಾರುವುದು ಕಳ್ಳತನವೆಂದು ಯಾರೂ ಭಾವಿಸಬೇಕಾಗಿಲ್ಲ. ಮುಕ್ತ ಪರವಾನಗಿಗಳು ಮಾರಾಟಕ್ಕೆ ಅಡ್ಡಿಪಡಿಸುವುದಿಲ್ಲ. ಆದರೆ ಲಿಬ್ರೆಆಫೀಸ್‌ನ ಪರವಾನಗಿಯಂತೆ, ಮೂಲ ಸಂಕೇತವನ್ನು, ಅಂದರೆ ತಂತ್ರಾಂಶವನ್ನು ಬರೆದ ಸಾಲುಗಳನ್ನು, ಎಲ್ಲಿ ಪಡೆಯಬಹುದೆಂದು ಕೊಂಡವರಿಗೆ ತಿಳಿಸಬೇಕು. ಬದಲಾಯಿಸಿದ ಪ್ರತಿಗೆ ಬೇರೆ ಹೆಸರಿಡುವುದನ್ನು ಕೆಲವೊಮ್ಮೆ ಮೂಲದವರೇ ಬಯಸುತ್ತಾರೆ. ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯನ್ನು ರೂಪಿಸುವ ಬಳಗವು 2006ರಿಂದ 2016ರವರೆಗೆ ಮೊಜಿಲ್ಲಾ ಸಂಸ್ಥೆಯ ಫೈರ್‌ಫಾಕ್ಸ್ ಬ್ರೌಸರನ್ನು ಐಸ್‌ವೀಸಲ್ ಎಂದು ಕರೆದದ್ದು ಆ ಸಂಸ್ಥೆಯ ವಾಣಿಜ್ಯ ಚಿಹ್ನೆಯ ನಿಯಮಗಳಿಂದಾಗಿಯೇ. ನಮಗೆ ಮಾರಿದ ಪ್ರತಿಯಲ್ಲಿ ಮೂಲ ಸಂಕೇತದ ಸುಳಿವೇ ಇರಲಿಲ್ಲ, ಅದು ಲೋಪವೇ. ಆದರೂ ನನ್ನ ಮುಖ್ಯ ಆಕ್ಷೇಪ ಬೇರೆಯದು.

ತೊಂದರೆ ಎರಡು ಬಗೆಯಲ್ಲಿ ಬಂತು. ಒಂದು, ವ್ಯಾಪಾರಿ ಸೇರಿಸಿದ ‘ಬಿಲ್’ ಎಂಬ ಮೆನುವಿನಿಂದಾಗಿ ಕೆಲವು ಲೆಕ್ಕದ ಫೈಲ್‌ಗಳನ್ನು ತೆರೆದೊಡನೆ ತಂತ್ರಾಂಶ ಸ್ತಬ್ಧವಾಗುತ್ತಿತ್ತು. ಇನ್ನೊಂದು, ಎಕ್ಸೆಲ್‌ನಲ್ಲಿ ತಯಾರಾಗಿ ಬಂದ ಒಂದು ಫೈಲ್‌ನಲ್ಲಿ ಷರತ್ತಿಗೆ ತಕ್ಕಂತೆ ಬಣ್ಣ ಬದಲಾಗಬೇಕಾದ ಕಲಂಗಳು ಬಣ್ಣವನ್ನೇ ಕಳೆದುಕೊಳ್ಳುತ್ತಿದ್ದವು. ಅಂಗಡಿಗೆ ಫೋನ್ ಮಾಡಿದರೆ ಬಂದ ಉತ್ತರ ಒಂದೇ: ‘ಅದು ಒಳಗಿನ ಸಾಫ್ಟ್‌ವೇರ್ ಸಮಸ್ಯೆ, ಮಾಡಿದವರನ್ನೇ ಕೇಳಿರಿ.’ ಶುಲ್ಕದ ರಸೀದಿಯ ಮೇಲೆ ‘ನಮ್ಮದೇ’ ಆಗಿದ್ದ ತಂತ್ರಾಂಶ, ದೂರು ಬಂದ ಕೂಡಲೇ ಪರರದಾಯಿತು.

ಲಿಬ್ರೆಆಫೀಸ್ ಬಳಗದಲ್ಲಿ ಸಾಮಾನ್ಯ ಬಳಕೆದಾರರ ಪ್ರಶ್ನೆಗಳಿಗೆ ಉತ್ತರಿಸುವವರು ಬಹುಮಟ್ಟಿಗೆ ಸಂಬಳವಿಲ್ಲದೆ ಬಿಡುವಿನ ವೇಳೆಯಲ್ಲಿ ನೆರವಾಗುವ ಸ್ವಯಂಸೇವಕರು. ಅವರಲ್ಲೊಬ್ಬರಿಗೆ ಬರೆದಾಗ ಅವರು ಕೇಳಿದ ಮೊದಲ ಪ್ರಶ್ನೆ ಆವೃತ್ತಿ ಯಾವುದು ಎಂಬುದು. ನಮ್ಮ ಪರದೆಯಲ್ಲಿ ಕಾಣುತ್ತಿದ್ದುದು ವ್ಯಾಪಾರಿ ತಾನೇ ಇಟ್ಟ ‘2.0’. ಲಿಬ್ರೆಆಫೀಸ್‌ನ ಹೊಸ ಆವೃತ್ತಿ ಆರು ತಿಂಗಳಿಗೊಮ್ಮೆ ಬರುತ್ತದೆ, ಹಳೆಯವು ಒಂದು ಹಂತದ ನಂತರ ತಿದ್ದುಪಡಿ ಪಡೆಯುವುದಿಲ್ಲ. ಹೀಗಿರುವಾಗ ಮೂಲ ಸಂಖ್ಯೆಯನ್ನೇ ಮರೆಮಾಡಿದರೆ ಎಷ್ಟೇ ಬಲ್ಲವರಾದರೂ ಏನು ಹೇಳಿಯಾರು? ಮೂಲ ಸಂಖ್ಯೆಯನ್ನು ತಿಳಿಯುವ ದಾರಿಯನ್ನೂ ಅವರೇ ತಿಳಿಸಿದರು: ಆ ತಂತ್ರಾಂಶದಲ್ಲಿ ಉಳಿಸಿದ ಓಡಿಟಿ (ಪತ್ರದ) ಫೈಲ್ ಒಂದರ ನಕಲಿಗೆ ಜಿಪ್ ಎಂದು ಹೆಸರಿಟ್ಟು ಬಿಚ್ಚಿದರೆ, ಅದರೊಳಗಿನ ಮೆಟಾ ಡಾಟ್ ಎಕ್ಸ್‌ಎಂಎಲ್ ಎಂಬ ಕಡತದಲ್ಲಿ ಆ ಫೈಲನ್ನು ಬರೆದ ತಂತ್ರಾಂಶದ ನಿಜನಾಮವೂ ಸಂಖ್ಯೆಯೂ ಇರುತ್ತವೆ. ಪುಣ್ಯಕ್ಕೆ ಆ ಸಾಲನ್ನು ಬದಲಿಸಲು ವ್ಯಾಪಾರಿಗೆ ಹೊಳೆದಿರಲಿಲ್ಲ. ಅಲ್ಲಿದ್ದುದು 6.4, ಅಂದರೆ 2020ರ ಜನವರಿಯಲ್ಲಿ ಬಿಡುಗಡೆಯಾದ ಆವೃತ್ತಿ. ಭದ್ರತೆಯ ತಿದ್ದುಪಡಿಗಳು ನಿಂತು ಎಷ್ಟೋ ಕಾಲವಾದ ತಂತ್ರಾಂಶಕ್ಕೆ ನಾವು ಪ್ರತಿ ವರ್ಷ ಶುಲ್ಕ ಕಟ್ಟುತ್ತಿದ್ದೆವು.

ಇಂತಹ ಪ್ರತಿಗಳ ಬಳಕೆದಾರರಿಗೆ ಸ್ವಯಂಸೇವಕರು ನೆರವಾಗಬೇಕೇ ಎಂಬ ಪ್ರಶ್ನೆಗೆ ಉತ್ತರ ಆ ಎರಡು ತೊಂದರೆಗಳಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಇನ್ನೊಂದು ಯಂತ್ರಕ್ಕೆ ಅಸಲಿ ಲಿಬ್ರೆಆಫೀಸ್‌ನ ಇತ್ತೀಚಿನ ಆವೃತ್ತಿಯನ್ನು ಹಾಕಿ ಅವೇ ಫೈಲ್‌ಗಳನ್ನು ತೆರೆದಾಗ, ಸ್ತಬ್ಧವಾಗುವ ತೊಂದರೆ ಕಾಣಲಿಲ್ಲ. ಬಣ್ಣ ಹೋಗುವ ತೊಂದರೆ ಹಾಗೆಯೇ ಇತ್ತು. ಹಾಗಾಗಿ ಮೊದಲನೆಯದಕ್ಕೆ ವ್ಯಾಪಾರಿಯೇ ಹೊಣೆ. ಅದನ್ನು ಸ್ವಯಂಸೇವಕರ ಮುಂದಿಡುವುದೇ ಅನ್ಯಾಯ, ಏಕೆಂದರೆ ಆ ಮೆನುವನ್ನು ಅವರು ಕಂಡೂ ಇಲ್ಲ. ಎರಡನೆಯದು ಅಸಲಿಯಲ್ಲಿಯೂ ಇರುವ ದೋಷವಾದ್ದರಿಂದ, ಅದನ್ನು ವರದಿ ಮಾಡಿದವರು ಯಾವ ಹೆಸರಿನ ಪ್ರತಿಯಿಂದ ಬಂದರೆಂದು ನೋಡದೆ ಕೇಳಿಸಿಕೊಳ್ಳುವುದು ಅವರ ಕೆಲಸಕ್ಕೂ ಲಾಭವೇ. ಆ ಸ್ವಯಂಸೇವಕರು ಕೇಳಿಸಿಕೊಂಡರು ಕೂಡ. ಕಾರಟಗಿಯ ಸೋನಾ ಮಸೂರಿಯನ್ನು ಪರಊರಿನ ವ್ಯಾಪಾರಿ ತನ್ನ ಹೆಸರಿನ ಚೀಲಕ್ಕೆ ತುಂಬಿ ಮಾರಿದ ಮೇಲೆ ಅವನ ಗೋದಾಮಿನಲ್ಲಿ ಹುಳ ಬಿದ್ದರೆ, ಗಿರಾಕಿ ಗಿರಣಿಗೆ ಬರುವುದಿಲ್ಲವಷ್ಟೆ.

ಈ ಗೊಂದಲ ನಮ್ಮ ಜಿಲ್ಲೆಯದು ಮಾತ್ರವಲ್ಲ. 2006ರಲ್ಲಿ ಅಮೆರಿಕದ ಓಕ್ಲಹೋಮ ರಾಜ್ಯದ ಟಟಲ್ ಎಂಬ ಸಣ್ಣ ಊರಿನ ಜಾಲತಾಣದಲ್ಲಿ, ಸರ್ವರ್‌ಗಳಲ್ಲಿ ಬಳಸುತ್ತಿದ್ದ ಸೆಂಟ್‌ಓಎಸ್ ಎಂಬ ಮುಕ್ತ ತಂತ್ರಾಂಶದ ಪರೀಕ್ಷಾ ಪುಟ ಕಾಣಿಸಿಕೊಂಡಾಗ, ಅಲ್ಲಿನ ನಗರ ವ್ಯವಸ್ಥಾಪಕರು ತಮ್ಮ ತಾಣಕ್ಕೆ ಕನ್ನ ಹಾಕಿದವರು ಸೆಂಟ್‌ಓಎಸ್‌ನವರೇ ಎಂದು ತಿಳಿದು ಎಫ್‌ಬಿಐಗೆ ದೂರು ಕೊಡುವುದಾಗಿ ಬೆದರಿಸಿದ್ದರು. ತಾಣವನ್ನು ನಡೆಸುತ್ತಿದ್ದ ಸಂಸ್ಥೆಯ ಕಡೆಯ ದೋಷವದು ಎಂಬುದನ್ನು ಆ ಬಳಗದ ಸ್ವಯಂಸೇವಕರೇ ತಾಳ್ಮೆಯಿಂದ ಪತ್ತೆಹಚ್ಚಿ ತಿಳಿಸಬೇಕಾಯಿತು. 2021ರ ನವೆಂಬರ್‌ನಲ್ಲಿ, ವಿಡಿಯೊ ದಾಖಲಿಸಲು ಮತ್ತು ನೇರ ಪ್ರಸಾರ ಮಾಡಲು ಬಳಸುವ ಓಬಿಎಸ್ ಎಂಬ ಮುಕ್ತ ತಂತ್ರಾಂಶದ ಬಳಗವೂ ತನ್ನ ಅಳಲನ್ನು ಬಹಿರಂಗವಾಗಿ ಹೇಳಿಕೊಂಡಿತು: ತನ್ನ ಹೆಸರನ್ನು ಸೇರಿಸಿಕೊಂಡಿದ್ದ ಇನ್ನೊಂದು ಕಂಪನಿಯ ತಂತ್ರಾಂಶಕ್ಕೆ ಹಣ ಕೊಟ್ಟವರು ತನ್ನ ಸ್ವಯಂಸೇವಕರ ಬಳಿ ಬಂದು ಹಣ ವಾಪಸ್ ಕೇಳುತ್ತಿದ್ದರಂತೆ. ಆ ಬಳಿಕ ಆ ಕಂಪನಿ ಓಬಿಎಸ್ ಎಂಬ ಅಕ್ಷರಗಳನ್ನು ಕೈಬಿಟ್ಟಿತು. ಲಿಬ್ರೆಆಫೀಸ್‌ನವರು 2021ರ 7.1 ಆವೃತ್ತಿಗೆ ‘ಕಮ್ಯುನಿಟಿ’ ಎಂಬ ಪದ ಸೇರಿಸಿದ್ದೂ ಬೆಂಬಲದ ವಿಷಯಕ್ಕೇ: ಇದಕ್ಕೆ ಸ್ವಯಂಸೇವಕರ ಬೆಂಬಲ ಮಾತ್ರ ಇದೆ, ದೊಡ್ಡ ಸಂಸ್ಥೆಗಳು ಹಣ ಕೊಟ್ಟು ಬೆಂಬಲ ಪಡೆಯಲಿ ಎಂದು ಸೂಚಿಸಲು.

ಹೆಸರು ಬದಲಿಸಿ ಮಾರುವವರೆಲ್ಲ ಒಂದೇ ಎಂದು ಹೇಳುವಂತಿಲ್ಲ. ಕೊಲಾಬೊರಾ ಎಂಬ ಸಂಸ್ಥೆಯ ಕೊಲಾಬೊರಾ ಆಫೀಸ್ ಕೂಡ ಲಿಬ್ರೆಆಫೀಸ್ ಅನ್ನು ಆಧರಿಸಿದ, ಬೇರೆ ಹೆಸರಿನ ತಂತ್ರಾಂಶವೇ. ಆದರೆ ಆ ಸಂಸ್ಥೆ ತನ್ನ ಗ್ರಾಹಕರ ದೂರುಗಳನ್ನು ತಾನೇ ನೋಡಿಕೊಳ್ಳುತ್ತದೆ, ತನ್ನ ಎಂಜಿನಿಯರುಗಳು ಮಾಡಿದ ಎಷ್ಟೋ ತಿದ್ದುಪಡಿಗಳನ್ನು ವರ್ಷಗಳ ಕಾಲ ಮೂಲಕ್ಕೂ ಸೇರಿಸಿದೆ. ಅದಕ್ಕೆ ಹಣ ಕೊಡುವುದರಲ್ಲಿ ಅರ್ಥವಿದೆ. ನಮ್ಮ ವ್ಯಾಪಾರಿಯ ಶುಲ್ಕ ಯಾವ ಸೇವೆಗೆ ಎಂಬುದು ಇಂದಿಗೂ ತಿಳಿಯದು.

ಯಂತ್ರದ ಸೇವೆಗೆ ಐದರಲ್ಲಿ ನಾಲ್ಕು ಅಂಕ, ತಂತ್ರಾಂಶಕ್ಕೆ ಒಂದು. ನವೀಕರಣದ ಶುಲ್ಕ ಕೇಳಲು ಬಂದಾಗ ನಾವು ಮೂರು ವಿಷಯಗಳನ್ನು ಬರವಣಿಗೆಯಲ್ಲಿ ಕೇಳಿದ್ದೇವೆ: ಪರದೆಯ ಮೇಲೆ ಮೂಲ ಆವೃತ್ತಿಯ ಸಂಖ್ಯೆ ಕಾಣಬೇಕು, ಬಿಲ್ ಮೆನುವನ್ನು ಬೇಡವಾದಾಗ ತೆಗೆದುಹಾಕಲು ಬರಬೇಕು, ದೂರನ್ನು ಮೊದಲು ಅಂಗಡಿಯವರೇ ಅಸಲಿ ಪ್ರತಿಯಲ್ಲಿ ಪರೀಕ್ಷಿಸಿ ನಂತರವೇ ಬೇರೆಯವರತ್ತ ಬೆರಳು ತೋರಿಸಬೇಕು. ಮೊದಲನೆಯದಕ್ಕೆ ಒಪ್ಪಿದ್ದಾರೆ, ಉಳಿದೆರಡಕ್ಕೆ ‘ಸಾಹುಕಾರರನ್ನು ಕೇಳಿ ಹೇಳುತ್ತೇವೆ’ ಎಂದು ಹೋದವರು ಮತ್ತೆ ಬಂದಿಲ್ಲ. ಅಲ್ಲಿಯವರೆಗೆ ಲೆಕ್ಕದ ಯಂತ್ರಗಳಲ್ಲಿ ಅಸಲಿ ಲಿಬ್ರೆಆಫೀಸ್ ನಡೆಯುತ್ತಿದೆ, ಶುಲ್ಕವನ್ನು ತಡೆಹಿಡಿದಿದ್ದೇವೆ.